ನಿಕ್ಷೇಪವೂ ನಂಬುಗೆಯೂ

1

ಈಚಿನ ವರ್ಷಗಳಲ್ಲಿ ಯಾವ ಮನೆಯ ಜಗಲಿಯ ಮೇಲೆ ನಾಲ್ಕು ಜನ ಹಿರಿಯರು ಕುಳಿತರೂ ಮಾತು ಕಡೆಗೆ ಒಂದೇ ಕಡೆಗೆ ಬಂದು ನಿಲ್ಲುವುದು: “ಕಾಲ ಕೆಟ್ಟಿತು, ಯಾರನ್ನೂ ನಂಬುವ ಹಾಗಿಲ್ಲ.” ಅಣ್ಣನು ತಮ್ಮನನ್ನು ನಂಬನು, ಗಿರಾಕಿಯು ಅಂಗಡಿಯವನನ್ನು ನಂಬನು, ಪ್ರಜೆಯು ಅಧಿಕಾರಿಯನ್ನು ನಂಬನು, ಹಣವಿಟ್ಟವನು ಹಣವಿಟ್ಟುಕೊಂಡವನನ್ನು ನಂಬನು ಎಂದು ಒಬ್ಬೊಬ್ಬರೂ ಒಂದೊಂದು ದೃಷ್ಟಾಂತವನ್ನು ಹೇಳಿ, ಹಿಂದಿನವರಾದರೋ ಬರಿಯ ಬಾಯಿಮಾತಿನ ಮೇಲೆಯೇ ದೊಡ್ಡ ದೊಡ್ಡ ವ್ಯವಹಾರಗಳನ್ನು ನಡೆಯಿಸುತ್ತಿದ್ದರೆಂದು ನಿಟ್ಟುಸಿರು ಬಿಡುವರು. ನಾನೂ ಆ ಜಗಲಿಯಲ್ಲಿ ಕುಳಿತು ತಲೆದೂಗಿದವನೇ.

ಆದರೆ ಹಿಂದಿನವರ ಗ್ರಂಥಗಳನ್ನೂ ಶಾಸನಗಳನ್ನೂ ಬಿಚ್ಚಿ ನೋಡಿದರೆ, ಈ ಬಾಯಿಮಾತಿನ ಕಥೆಯು ಪೂರ್ಣವಾಗಿ ನಿಜವೆಂದು ತೋರುವುದಿಲ್ಲ. ನಮ್ಮ ಪೂರ್ವಿಕರು ಮನುಷ್ಯಸ್ವಭಾವವನ್ನು ಬಲ್ಲವರಾಗಿದ್ದರು. ಇಟ್ಟ ವಸ್ತುವನ್ನು ಇಲ್ಲವೆನ್ನುವವನೂ, ಇಡದಿದ್ದುದನ್ನು ಕೊಡೆನ್ನುವವನೂ ಅವರ ಕಾಲದಲ್ಲಿಯೂ ಇದ್ದರು. ಇಂತಿರಲು ಅವರಲ್ಲಿ ಇದ್ದು ನಮ್ಮಲ್ಲಿ ಕಡಮೆಯಾದುದಾದರೂ ಯಾವುದು? ಸಂದೇಹವಿಲ್ಲದ ಮನಸ್ಸೆ, ಅಥವಾ ಸಂದೇಹಕ್ಕೆ ಸಮಾಧಾನವನ್ನು ಕೊಡತಕ್ಕ ಏರ್ಪಾಡೆ? ಈ ಪ್ರಶ್ನೆಯನ್ನು ಒಂದೇ ವಿಷಯದ ಆಧಾರದಿಂದ, ಎಂದರೆ ಒಬ್ಬನ ಸೊತ್ತು ಮತ್ತೊಬ್ಬನ ಕೈಯಲ್ಲಿರುವ ವಿಷಯದ ಆಧಾರದಿಂದ, ಕಾಲಕ್ರಮದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಮನುಸ್ಮೃತಿಯು ವಿವಾದಗಳಿಗೆ ಕಾರಣವಾದ 18 ವ್ಯವಹಾರಪದಗಳನ್ನು ಎಣಿಸುವಲ್ಲಿ ಮೊದಲನೆಯದಾಗಿ ಋಣಾದಾನವನ್ನೂ ಎರಡನೆಯದಾಗಿ ನಿಕ್ಷೇಪವನ್ನೂ ಹೇಳುತ್ತದೆ. ಕಳವು, ಸಾಹಸ ಮೊದಲಾದುವು ಆಮೇಲೆ ಬರುವುವು. ಕಳ್ಳನು ನಮ್ಮ ನಂಬಿಕೆಯನ್ನು ಕೆಡಿಸುವುದಿಲ್ಲ. ನಾವು ಅವನನ್ನು ಎಂದೂ ನಂಬಿದವರಲ್ಲ. ನಂಬಿ ಕೊಟ್ಟ ಕೈಯೇ ಮುಚ್ಚಿಕೊಂಡಾಗ ಆಗುವ ನಷ್ಟವು ಹಣದಿಂದ ಮಾತ್ರ ಅಳೆಯತಕ್ಕುದಲ್ಲ.

ಈ ವಿಚಾರವನ್ನು ಸೂಕ್ಷ್ಮವಾಗಿ ವಿವರಿಸಿದ ಗ್ರಂಥವೊಂದು ಕನ್ನಡ ನಾಡಿನಲ್ಲಿಯೇ ಹುಟ್ಟಿತೆಂಬುದು ನಮಗೆ ಅಭಿಮಾನದ ಸಂಗತಿ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. 1076–1126) ಆಳುತ್ತಿದ್ದ ಕಲ್ಯಾಣದಲ್ಲಿ, ಎಂದರೆ ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಇದರ ದಾಯಭಾಗ ಪ್ರಕರಣವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ಈ ಗ್ರಂಥದ ಹೆಸರು ನ್ಯಾಯಸ್ಥಾನಗಳಲ್ಲೆಲ್ಲ ಪ್ರಸಿದ್ಧವಾಯಿತು. ಆದಕಾರಣ ಮಿತಾಕ್ಷರೆಯೆಂದರೆ ಆಸ್ತಿಯ ಪಾಲುಗಾರಿಕೆಯೆಂದೇ ಅನೇಕರು ತಿಳಿದಿರುವರು. ಅದಕ್ಕೆ ಮುಂಚೆ ಬರುವ ಉಪನಿಧಿ, ಸಾಕ್ಷಿ, ಲೇಖ್ಯ ಪ್ರಕರಣಗಳನ್ನು ಓದುವವರು ವಿರಳ.

ಮುಚ್ಚಿ ಮುದ್ರೆಯೊತ್ತಿದ ಗಂಟನ್ನು ಒಳಗೇನಿದೆಯೆಂದು ಹೇಳದೆ ಮತ್ತೊಬ್ಬನ ಕೈಯಲ್ಲಿಟ್ಟರೆ ಅದು ಉಪನಿಧಿ. ಎಣಿಸಿ, ತೋರಿಸಿ ಕೊಟ್ಟುದು ನಿಕ್ಷೇಪ. ಯಜಮಾನನು ಮನೆಯಲ್ಲಿಲ್ಲದಾಗ ಮನೆಯವರ ಕೈಯಲ್ಲಿ ಕೊಟ್ಟು, ಅವನಿಗೆ ಒಪ್ಪಿಸಿರೆಂದು ಹೇಳಿ ಬಂದುದು ನ್ಯಾಸ. ಒಬ್ಬನು ಇಟ್ಟುದನ್ನು ಹಿಡಿದವನು, ಮೂಲಸ್ವಾಮಿಗೆ ಸೇರಿಸೆಂದು ಮೂರನೆಯವನ ಕೈಗೆ ದಾಟಿಸಿದರೆ ಅದು ಅನ್ವಾಹಿತ. ವಾಚಕರು ಇಲ್ಲಿ ಗಮನಿಸತಕ್ಕುದೇನೆಂದರೆ, ನಂಬಿಕೆಯೆಂಬುದನ್ನು ಇವರು ಒಂದೇ ಮುದ್ದೆಯಾಗಿ ಕಾಣಲಿಲ್ಲ. ಕೈಯಿಂದ ಕೈಗೆ ದಾಟುವಾಗ ಅದು ಎಲ್ಲೆಲ್ಲಿ ಸೋರಿಹೋಗಬಹುದೋ ಅಲ್ಲಲ್ಲಿ ಒಂದೊಂದು ಹೆಸರನ್ನಿಟ್ಟರು.

ನಿಯಮಗಳೂ ಹಾಗೆಯೇ ನ್ಯಾಯವಾಗಿವೆ. ಇಟ್ಟುದನ್ನು ಇಟ್ಟ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹಾಳಾದರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಆದರೆ ಕೇಳಿದಾಗ ಕೊಡದೆ, ಆಮೇಲೆ ಅದು ನಷ್ಟವಾದರೆ, ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಒಡೆಯನ ಅನುಮತಿಯಿಲ್ಲದೆ ಅದನ್ನು ತನ್ನ ಜೀವನಕ್ಕೆ ಬಳಸಿಕೊಂಡವನು ದಂಡಾರ್ಹನಾಗುವುದಲ್ಲದೆ, ಲಾಭಸಹಿತವಾಗಿ ಹಿಂದಕ್ಕೆ ಕೊಡಬೇಕು. ಪರರ ಹಣವನ್ನು ತನ್ನದೆಂಬಂತೆ ತಿರುಗಿಸುವುದು ನಮ್ಮ ಕಾಲದಲ್ಲಿ ಹೊಸದಾಗಿ ಹುಟ್ಟಿದ ರೋಗವಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುವುದು.

ಪತ್ರದ ವಿಷಯವನ್ನಂತೂ ಈಗಿನ ನೋಂದಣಿ ಕಚೇರಿಯವರೂ ಓದಬೇಕು. ವರ್ಷ, ಮಾಸ, ಪಕ್ಷ, ದಿನ, ಹೆಸರು, ಗೋತ್ರಗಳನ್ನು ಬರೆದು, ಸಾಲಗಾರನು ತನ್ನ ತಂದೆಯ ಹೆಸರಿನೊಂದಿಗೆ ತನ್ನ ಹಸ್ತದಿಂದಲೇ ಒಪ್ಪಿಗೆಯನ್ನು ಬರೆಯಬೇಕು, ಸಾಕ್ಷಿಗಳೂ ಹಾಗೆಯೇ, ಕಡೆಗೆ ಬರೆದವನು ತನ್ನ ಹೆಸರನ್ನು ಹಾಕಬೇಕು. ಸಾಲಗಾರನು ಸ್ವಲ್ಪ ಸ್ವಲ್ಪವಾಗಿ ತೀರಿಸಿದರೆ ತೀರಿಸಿದಷ್ಟನ್ನು ಆಗಾಗಲೇ ಪತ್ರದ ಬೆನ್ನ ಮೇಲೆ ಬರೆಯಬೇಕು. ಪೂರ್ತಿ ತೀರಿದೊಡನೆ ಪತ್ರವನ್ನು ಹರಿಯಬೇಕು. ಈ ಕಡೆಯ ಎರಡು ಮಾತುಗಳನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಅವುಗಳಿಂದ ಕೆಲಸವಿದೆ.

ಸಾಕ್ಷಿಗಳು ಮೂವರಿಗೆ ಕಡಮೆಯಿರಬಾರದು. ಆದರೆ ಧರ್ಮಜ್ಞನೂ ಉಭಯಪಕ್ಷಗಳಿಗೂ ಸಮ್ಮತನೂ ಆದವನು ಒಬ್ಬನಾದರೂ ಸಾಕು. ಕಂಡುದನ್ನು ತಿಳಿದೂ ಹೇಳದೆ ಸುಮ್ಮನಿರುವವನಿಗೆ ಸುಳ್ಳುಸಾಕ್ಷಿಯ ಪಾಪವೂ ದಂಡವೂ ಸಮನಾಗಿ ಸಲ್ಲುವುವು. ಪಾಠಶಾಲೆಯಲ್ಲಿ ಈ ಶ್ಲೋಕವನ್ನು ಕಂಠಪಾಠ ಮಾಡಿದಾಗ ನನಗೆ ಅದರ ಅರ್ಥವು ತಿಳಿದಿತ್ತು. ಭಾರವು ತಿಳಿಯಲು ನಲವತ್ತು ವರ್ಷಗಳಾದುವು.

ಇಷ್ಟನ್ನು ಹೇಳಿ, ಅದರ ಕೊರತೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಸಾಮಾನ್ಯ ವ್ಯವಹಾರಗಳಲ್ಲಿ ಸಾಕ್ಷಿಯಾಗಲು ಅನರ್ಹರೆಂದು ಅದೇ ಸ್ಮೃತಿಯು ಕೊಡುವ ಪಟ್ಟಿಯಲ್ಲಿ ಜೂಜುಗಾರನೂ ಕುಡುಕನೂ ಇರುವಂತೆ ಸ್ತ್ರೀಯೂ, ವೃದ್ಧನೂ, ಬಾಲಕನೂ ಇದ್ದಾರೆ. ಅಂದಿನ ನಂಬುಗೆಯ ಮಂಟಪದೊಳಕ್ಕೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಹಿಂದಿನ ಕಾಲವನ್ನು ಹೊಗಳುವಾಗ ನಾವು ಬಾಗಿಲ ಹೊರಗೆ ನಿಂತವರನ್ನು ಮರೆಯುತ್ತೇವೆ.

3

ಗ್ರಂಥದಲ್ಲಿ ಬರೆದುದು ನಾಡಿನಲ್ಲಿ ನಡೆಯುತ್ತಿತ್ತೆ ಎಂಬ ಪ್ರಶ್ನೆಗೆ ಶಾಸನಗಳು ಉತ್ತರ ಹೇಳುವುವು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ, ಗೊಮ್ಮಟದೇವರ ಹಾಲಿನ ಅಭಿಷೇಕಕ್ಕೆಂದು ಭಕ್ತರು ಇಷ್ಟು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟರೆಂದೂ, ಅದರ ಬಡ್ಡಿಯಿಂದ ದಿನವೊಂದಕ್ಕೆ ಇಷ್ಟು ಮಾನ ಹಾಲನ್ನು ಸಲ್ಲಿಸತಕ್ಕುದೆಂದೂ ಹೇಳುವ ಶಾಸನಗಳಿವೆ. ಇಟ್ಟವನು ಸತ್ತು, ಇಟ್ಟುಕೊಂಡವನು ಸತ್ತು, ಅವರ ಮಕ್ಕಳೂ ಸತ್ತ ಮೇಲೆಯೂ ಹಾಲು ಬರುತ್ತಿರಬೇಕು. ಅದಕ್ಕಾಗಿ ಮೂಲಧನ, ಬಡ್ಡಿ, ಅಳತೆ ಮೂರನ್ನೂ ಎಲ್ಲರೂ ಓಡಾಡುವ ಕಡೆ ಕಲ್ಲಿನಲ್ಲಿ ಕೊರೆದರು. ಇದು ಲೆಕ್ಕದ ಪುಸ್ತಕವನ್ನು ಬೀದಿಯಲ್ಲಿ ಬಿಚ್ಚಿಟ್ಟಂತಲ್ಲವೆ?

ದಾನಶಾಸನಗಳ ಕಡೆಯಲ್ಲಿ ಶಾಪವಾಕ್ಯಗಳಿರುವುದು ಸರ್ವವಿದಿತ. ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂದೂ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂದೂ ಬೆದರಿಸುವ ಈ ಮಾತುಗಳನ್ನು ಧರ್ಮಶ್ರದ್ಧೆಯ ಕುರುಹೆಂದು ನಾವು ಓದುವೆವು. ಅವನ್ನು ಮತ್ತೊಂದು ರೀತಿಯಿಂದಲೂ ಓದಬಹುದು. ಅಪಹರಿಸುವವರು ಇಲ್ಲದ ನಾಡಿನಲ್ಲಿ ಇಂತಹ ಶಾಪಗಳನ್ನು ಸಾವಿರಾರು ಕಲ್ಲುಗಳ ಮೇಲೆ ಕೆತ್ತುವ ಶ್ರಮವನ್ನು ಯಾರು ವಹಿಸುವರು? ಆ ಕಲ್ಲುಕುಟಿಗನ ಉಳಿಯ ತುದಿಯಲ್ಲಿ ಭಕ್ತಿಯಿದ್ದಂತೆ ಅಪನಂಬಿಕೆಯೂ ಇತ್ತು.

ಇದಕ್ಕಿಂತ ಹೆಚ್ಚು ಬೋಧಪ್ರದವಾದ ಶಾಸನವೊಂದು ಅದೇ ಊರಿನ ಭಂಡಾರಿ ಬಸದಿಯಲ್ಲಿದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಬಸದಿಯಿದು. ಶಾಸನವಾದರೋ ಅಲ್ಲಿಂದ ಎರಡು ಶತಮಾನಗಳ ಈಚಿನದು, ಕ್ರಿ. ಶ. 1368ರಲ್ಲಿ ವಿಜಯನಗರದ ಬುಕ್ಕರಾಯನು ಹಾಕಿಸಿದುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಅರಸನಿಗೆ ಬಿನ್ನಹ ಮಾಡಿದರು. ಅರಸನು ಶ್ರೀವೈಷ್ಣವ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಬರಮಾಡಿಸಿ, ಜೈನರ ಕೈಯನ್ನು ಅವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕುವೆಂದೂ, ಜೈನದರ್ಶನಕ್ಕೆ ಆದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಎಣಿಸಬೇಕೆಂದೂ ತೀರ್ಪಿತ್ತನು.

ಈ ಕೈ ಹಿಡಿಸಿದ ಪ್ರಸಂಗವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುವು. ಅದರ ಮುಂದಿನ ಭಾಗವನ್ನು ಬಿಟ್ಟುಬಿಡುವುವು. ನನಗಾದರೋ ಮುಂದಿನದೇ ಮುಖ್ಯವೆಂದು ತೋರುತ್ತದೆ. ರಾಜ್ಯದಲ್ಲಿರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷಣೆಗೆ 20 ಜನ ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಳಿಸಬೇಕು. ಕೊಡುವವರು ಜೈನರು, ಕಾವಲಿಡುವವರು ವೈಷ್ಣವರು. ನಿನ್ನೆಯವರೆಗೆ ಯಾರ ವಿಷಯದಲ್ಲಿ ಭಯವಿದ್ದಿತೋ ಅವರ ಕೈಗೇ ಹಣವನ್ನೂ ದೇವರನ್ನೂ ಒಪ್ಪಿಸಿದಂತಾಯಿತು. ಆದರೆ ಬರಿಗಣ್ಣಿನ ನಂಬಿಕೆಯಿಂದ ಅಲ್ಲ: ದರವು ಗೊತ್ತಾಗಿದೆ, ಆಳುಗಳ ಸಂಖ್ಯೆ ಗೊತ್ತಾಗಿದೆ, ಉಳಿದ ಹಣವು ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಾಗಿದೆ. ತಪ್ಪಿದವನು ರಾಜದ್ರೋಹಿ, ಸಂಘಸಮುದಾಯಗಳಿಗೆ ದ್ರೋಹಿ. ಅನಂತರ ಕಲ್ಲೇಹದ ಬುಸುವಿಸೆಟ್ಟಿಯೆಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪದವಿಯನ್ನು ಕೊಟ್ಟರೆಂದೂ ಅದರಲ್ಲಿಯೇ ಹೇಳಿದೆ. ಕಲ್ಲಿನಲ್ಲಿ ಕೊರೆದ ನಂಬುಗೆಯನ್ನೂ ಯಾರಾದರೊಬ್ಬರು ಎದ್ದು ಹೋಗಿ ಹೊಸದು ಮಾಡಬೇಕಾಗಿತ್ತು.

4

ಇಲ್ಲಿಂದ ಐದು ಶತಮಾನಗಳನ್ನು ದಾಟಿ, ನಮ್ಮ ಉತ್ತರದ ನೆರೆಯಾದ ಪುಣೆ ಸೀಮೆಗೆ ಹೋಗಬೇಕು. ಧಾರವಾಡ, ಬೆಳಗಾಂವಿಗಳೂ ಆಗ ಅದೇ ಮುಂಬಯಿ ಇಲಾಖೆಗೆ ಸೇರಿದ್ದುವು; ಮೇಲಾಗಿ, ಪತ್ರವನ್ನು ಹರಿಯಬೇಕೆಂಬ ಸ್ಮೃತಿವಾಕ್ಯವನ್ನು ಮರೆತುದರ ಫಲವು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿಯು ಇಂಗ್ಲೆಂಡಿಗೆ ಬರುವುದು ನಿಂತು, ನಮ್ಮ ದೇಶದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಸಾಹುಕಾರರು ಕೇಳಿದವರಿಗೆ ಕೇಳಿದಷ್ಟು ಸಾಲ ಕೊಟ್ಟರು. ಯುದ್ಧವು ಮುಗಿದೊಡನೆ ಬೆಲೆಯು ಇಳಿಯಿತು. ಸರಕಾರದ ಕಂದಾಯವು ಮಾತ್ರ ಹೊಸ ಜಮಾಬಂದಿಯಿಂದ ಏರಿತು. ಸಾಲ ಹುಟ್ಟುವುದು ನಿಂತು, ಹಳೆಯ ಸಾಲದ ವಸೂಲಿ ಮೊದಲಾಯಿತು.

ಇದರೊಂದಿಗೆ ಮತ್ತೊಂದು ಕಾರಣವೂ ಕೂಡಿಕೊಂಡಿತು. ರೈತನಿಗೆ ಹಳೆಯ ಸಾಲದಿಂದ ರಕ್ಷಣೆಯಾಗಲೆಂದು 1859ರ ಕಾಯಿದೆಯು ಸಾಲಪತ್ರಗಳಿಗೆ ಮೂರು ವರ್ಷಗಳ ವಾಯಿದೆಯನ್ನು ಗೊತ್ತುಮಾಡಿತು. ಸಾಹುಕಾರರು ಮೂರು ವರ್ಷಕ್ಕೊಮ್ಮೆ ಅಸಲು ಬಡ್ಡಿಗಳನ್ನು ಕೂಡಿಸಿ, ಆ ಒಟ್ಟು ಮೊತ್ತವನ್ನೇ ಅಸಲೆಂದು ಹೊಸ ಪತ್ರವನ್ನು ಬರೆಯಿಸತೊಡಗಿದರು. ರಕ್ಷಣೆಗೆಂದು ಹುಟ್ಟಿದ ವಿಧಿಯೇ ಹೀಗೆ ಉರುಲಾಯಿತು. ರೈತನು ಕೊಟ್ಟುದಕ್ಕೆ ರಸೀದಿಯಿಲ್ಲ. ಪತ್ರದ ಬೆನ್ನ ಮೇಲೆ ಬರಹವಿಲ್ಲ. ತೀರಿದ ಪತ್ರವು ಹರಿಯಲ್ಪಡಲಿಲ್ಲ. ಓದುಬರಹವರಿಯದವನು ಹೆಬ್ಬೆಟ್ಟನ್ನೊತ್ತಿದ ಕಾಗದವನ್ನು ದೂರದ ಕೋರ್ಟು ನಂಬಿತು. ಅವನ ಮಾತನ್ನು ನಂಬಲಿಲ್ಲ. ಊರಿನಲ್ಲಿ ಯಾರು ಎಷ್ಟು ಕೊಟ್ಟರೆಂಬುದನ್ನು ಬಲ್ಲ ಹತ್ತು ಜನರಿದ್ದರು. ಅವರನ್ನು ಕೇಳುವವರು ಯಾರೂ ಇರಲಿಲ್ಲ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯೆಂಬ ಸಂತೆಯ ಊರಿನಲ್ಲಿ ರೈತರು ಸಾಹುಕಾರರ ಅಂಗಡಿಮನೆಗಳ ಮೇಲೆ ಬಿದ್ದರು. ದಂಗೆಯು ಪುಣೆ, ಅಹಮದನಗರ ಜಿಲ್ಲೆಗಳ ಊರೂರಿಗೂ ಹಬ್ಬಿತು. ಆಮೇಲೆ ವಿಚಾರಣೆಗೆಂದು ಕುಳಿತ ಮಂಡಲಿಗೆ ಕಂಡುಬಂದ ವಿಶೇಷವೇನೆಂದರೆ, ಜನರು ಕೇಳಿದುದು ಮುಖ್ಯವಾಗಿ ಪತ್ರಗಳನ್ನು. ಪತ್ರಗಳನ್ನು ಕೊಟ್ಟ ಕಡೆ ಅವನ್ನು ಸುಟ್ಟು ಹಿಂದಿರುಗಿದರು. ಮನುಷ್ಯರಿಗೆ ಪೆಟ್ಟಾದುದು ಅಪರೂಪ. ತೀರಿದ ಪತ್ರವನ್ನು ಸಾಹುಕಾರನು ತಾನಾಗಿ ಹರಿಯದೆ ಹೋದುದರಿಂದ, ತೀರದ ಪತ್ರವೂ ಕೂಡಿ ಬೆಂಕಿಗೆ ಬಿದ್ದಿತು. 1879ರ ದಖ್ಖಣ ರೈತರ ಪರಿಹಾರದ ಕಾಯಿದೆಯು ಸಾಲಗಾರನಿಗೆ ರಸೀದಿಯನ್ನೂ ವರ್ಷಕ್ಕೊಮ್ಮೆ ಲೆಕ್ಕದ ವಿವರವನ್ನೂ ಪಾಸ್‌ಪುಸ್ತಕವನ್ನೂ ಕೇಳುವ ಹಕ್ಕನ್ನು ಕೊಟ್ಟಿತು. ಯಾಜ್ಞವಲ್ಕ್ಯನು ಪತ್ರದ ಬೆನ್ನ ಮೇಲೆ ಬರೆಯೆಂದು ಹೇಳಿದ್ದನ್ನು ಕಾನೂನು ಬೆಂಕಿಯ ಬೆಳಕಿನಲ್ಲಿ ಮತ್ತೊಮ್ಮೆ ಕಲಿಯಬೇಕಾಯಿತು.

5

ಮುರಿದುದನ್ನು ಕಟ್ಟುವ ಪ್ರಯತ್ನವೂ ಬೇಗನೆ ಹುಟ್ಟಿತು. ಅದರಲ್ಲಿ ಕನ್ನಡಿಗರ ಪಾಲು ದೊಡ್ಡದು. ಮದರಾಸು ಸರಕಾರದ ಆಜ್ಞೆಯಂತೆ ಫ್ರೆಡರಿಕ್ ನಿಕಲ್ಸನ್ನನು ಯೂರೋಪಿನ ಹಳ್ಳಿಯ ಬ್ಯಾಂಕುಗಳನ್ನು, ಅದರಲ್ಲಿಯೂ ಜರ್ಮನಿಯ ರೈಫೈಸನ್ನನು (1818–1888) ಸ್ಥಾಪಿಸಿದ ಮಾದರಿಯ ಸಂಘಗಳನ್ನು ಪರಿಶೀಲಿಸಿ ವರದಿ ಮಾಡಿದನು. 1904ರಲ್ಲಿ ಸಹಕಾರೀ ಪತ್ತಿನ ಸಂಘಗಳ ಕಾಯಿದೆಯು ಬಂದಿತು. ಮರುವರ್ಷ, 1905ರ ಮೇ 8ರಂದು, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ವ್ಯವಸಾಯಗಾರರ ಪತ್ತಿನ ಸಂಘವು ನೋಂದಣಿಯಾಯಿತು. ಭಾರತದಲ್ಲಿ ಈ ಜಾತಿಯ ಮೊಟ್ಟಮೊದಲಿನ ಸಂಘಗಳಲ್ಲಿ ಇದೂ ಒಂದು.

ಆ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘದ ಸಾಲವು ನಿಂತುಹೋದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದಿಂದ ಅದಕ್ಕೆ ಉತ್ತರ ಹೇಳಬೇಕು. ಮೇಲುನೋಟಕ್ಕೆ ಇದು ಘೋರವಾದ ನಿಯಮ. ಆದರೆ ಅದರ ಫಲವನ್ನು ವಿಚಾರಿಸಿರಿ. ನೆರೆಯವನು ಎತ್ತಿಗೆಂದು ಸಾಲ ಪಡೆದು ಮದುವೆಗೆ ಖರ್ಚುಮಾಡಿದರೆ ತನ್ನ ಹೊಲಕ್ಕೇ ಅಪಾಯವೆಂದು ಅರಿತ ರೈತನು ಕಣ್ಣು ಮುಚ್ಚಿಕೊಂಡಿರಲಾರನು. ಲೆಕ್ಕವನ್ನು ಕೇಳುವನು, ಕೇಳುವುದಕ್ಕೆ ನಾಚುವುದಿಲ್ಲ. ಒಂದೇ ಊರಿನವರಾದುದರಿಂದ ಯಾರ ಪತ್ತು ಎಷ್ಟೆಂಬುದು ಎಲ್ಲರಿಗೂ ಗೊತ್ತು. ಅಲ್ಲಿ ನಂಬುವುದೂ ನೋಡುತ್ತಿರುವುದೂ ಒಂದೇ ಕೆಲಸದ ಎರಡು ಮುಖಗಳಾಗಿದ್ದುವು.

1906ರಲ್ಲಿ ಕರಾವಳಿಯಲ್ಲಿಯೂ ಇದೇ ಚೈತನ್ಯವು ಕಾಣಿಸಿಕೊಂಡಿತು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮಾರ್ಚಿಯಲ್ಲಿಯೂ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಜುಲೈಯಲ್ಲಿಯೂ ಸ್ಥಾಪಿಸಿದ ಸಂಸ್ಥೆಗಳೇ ಮುಂದೆ ಕಾರ್ಪೊರೇಷನ್ ಬ್ಯಾಂಕು, ಕೆನರಾ ಬ್ಯಾಂಕುಗಳಾದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಹೆಸರುವಾಸಿಯಾದ ಅರ್ಬತ್ನಾಟ್ ಕಂಪೆನಿಯು ಮುಳುಗಿತು. ವಿಶ್ರಾಂತಿವೇತನದವರೂ ವಿಧವೆಯರೂ ನೌಕರರೂ ಕೂಡಿಟ್ಟ ಹಣವು ಅದರೊಂದಿಗೆ ಹೋಯಿತು. ಅದರ ಮುಖ್ಯಸ್ಥನು 1907ರಲ್ಲಿ ಸೆರೆಮನೆಗೆ ಹೋದರೂ ಹೋದ ಹಣವು ಬರಲಿಲ್ಲ. ಜನರು ಆ ಕಂಪೆನಿಯ ಹೆಸರನ್ನು ನಂಬಿದ್ದರು. ಅದರ ಲೆಕ್ಕವನ್ನು ಕಂಡಿರಲಿಲ್ಲ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ಇಲ್ಲಿ ನೆನೆಯಬೇಕು. ದಿನಕ್ಕೆ ಎರಡಾಣೆಯಿಂದ ಮೊದಲಾಗಿ, ಬ್ಯಾಂಕಿನ ಮನುಷ್ಯನೇ ಮನೆಬಾಗಿಲಿಗೆ ಬಂದು ಹಣವನ್ನು ಪಡೆದು ಬರೆದುಕೊಂಡು ಹೋಗುವನು. ಬ್ಯಾಂಕಿನ ಮೆಟ್ಟಿಲನ್ನು ಎಂದೂ ಹತ್ತದ ಕೂಲಿಯವನಿಗೂ ನೇಕಾರನಿಗೂ ಬ್ಯಾಂಕೆಂದರೆ ದಿನವೂ ಕಾಣುವ ಒಂದು ಪರಿಚಿತವಾದ ಮುಖ.

6

ವ್ಯವಹಾರವು ಊರನ್ನು ದಾಟಿ ದೇಶವನ್ನು ವ್ಯಾಪಿಸಿದಾಗ ಮುಖಪರಿಚಯವು ಸಾಲದಾಯಿತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದ ಮೇಲೆ, 1962ರ ಜನವರಿ 1ರಿಂದ ಬ್ಯಾಂಕಿನ ಠೇವಣಿಗಳಿಗೆ ವಿಮೆಯು ಏರ್ಪಟ್ಟಿತು. ಮೊದಲು ಒಬ್ಬೊಬ್ಬರಿಗೆ 1,500 ರೂಪಾಯಿಗಳಿದ್ದ ಮಿತಿಯು 1993ರಲ್ಲಿ ಒಂದು ಲಕ್ಷವಾಗಿ, 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. 2016ರಿಂದ ಈಚೆಗೆ ಹಣವು ಕಿಸೆಯಲ್ಲಿನ ಯಂತ್ರದಿಂದಲೇ ಕ್ಷಣಮಾತ್ರದಲ್ಲಿ ಕೈದಾಟುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವಾಕೆಯು ನಾನು ಕೊಟ್ಟೆನೆಂದರೆ ನನ್ನ ಮುಖವನ್ನು ನೋಡುವುದಿಲ್ಲ. ಪಕ್ಕದಲ್ಲಿಟ್ಟ ಪೆಟ್ಟಿಗೆಯು ಹಣ ಬಂದಿತೆಂದು ನುಡಿಯುವವರೆಗೆ ಕಾಯುತ್ತಾಳೆ. ಆಕೆಯ ತಪ್ಪೇನೂ ಇಲ್ಲ. ಆದರೆ ಕಾಣದ ಯಂತ್ರವನ್ನು ನಂಬುವ ನಾವು ನಂಬಿಕೆಯೇ ಹೋಯಿತೆಂದು ಹೇಳುವುದು ಸರಿಯಲ್ಲ. ನಂಬಿಕೆಯು ದೂರಕ್ಕೆ ಹೋಗಿದೆ. ಹತ್ತಿರವಿದ್ದುದನ್ನು ನೋಡಿಕೊಳ್ಳುವ ಅಭ್ಯಾಸವು ತಪ್ಪಿದೆ.

ಇದನ್ನು ನಾನು ಇತರರ ಮೇಲೆ ಹೊರಿಸಿ ಹೇಳುವಂತಿಲ್ಲ. ನಾನಿರುವ ಊರಿನಲ್ಲಿ ಒಂದು ಪತ್ತಿನ ಸಹಕಾರ ಸಂಘವಿದ್ದಿತು. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಅದರ ಸದಸ್ಯನಾಗಿ, ನಿವೃತ್ತನಾದಾಗ ಬಂದ ಹಣದಲ್ಲಿ ಒಂದು ಭಾಗವನ್ನು ಅಲ್ಲಿಟ್ಟಿದ್ದೆನು. ಪ್ರತಿವರ್ಷವೂ ಸರ್ವಸದಸ್ಯರ ಸಭೆಗೆ ಹೋಗುವುದು, ಹಾಜರಿ ಪುಸ್ತಕದಲ್ಲಿ ರುಜು ಮಾಡುವುದು, ಅಢಾವೆ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವುದು, ಕಾಫಿ ತಿಂಡಿಗಳನ್ನು ಮುಗಿಸಿ ಬರುವುದು, ಇಷ್ಟೇ ನಾನು ನಡೆಯಿಸಿದ ಸದಸ್ಯತ್ವ. ಒಂದು ಬೆಳಿಗ್ಗೆ ಅದರ ಬಾಗಿಲು ತೆರೆಯಲಿಲ್ಲ. ಬ್ಯಾಂಕುಗಳ ಠೇವಣಿಗಿರುವ ವಿಮೆಯು ಇಂತಹ ಪತ್ತಿನ ಸಂಘಗಳ ಠೇವಣಿಗೆ ಇಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ಆ ದಿನ ತಿಳಿಯಿತು.

ಮನೆಗೆ ಬಂದು ಹಳೆಯ ಅಢಾವೆ ಪತ್ರಿಕೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ಓದಿದೆನು. ಬಾಗಿಲು ಮುಚ್ಚುವುದಕ್ಕೆ ಆರು ವರ್ಷಗಳ ಹಿಂದೆಯೇ, ಆಡಳಿತದವರ ಬಂಧುಗಳಿಗೆ ಸಾಕಷ್ಟು ಆಧಾರವಿಲ್ಲದೆ ಸಾಲ ಕೊಡಲಾಗಿದೆಯೆಂದು ಲೆಕ್ಕಪರಿಶೋಧಕರು ಷರಾ ಬರೆದಿದ್ದರು. ಅದು ಗುಪ್ತವಾಗಿರಲಿಲ್ಲ, ಅಚ್ಚಾಗಿ ನನ್ನ ಕೈಗೆ ಬಂದಿದ್ದಿತು. ಬೀದಿಯಲ್ಲಿ ಶಾಸನವನ್ನು ನಿಲ್ಲಿಸಿದ್ದರೂ ಓದುವವನು ಇಲ್ಲದಿದ್ದರೆ ಅದು ಬರಿಯ ಕಲ್ಲು.

ನಾಲ್ಕೈದು ದಿನಗಳ ಮೇಲೆ, ಹಿಂದೆ ನನ್ನಲ್ಲಿ ಓದಿದ ಹುಡುಗನೊಬ್ಬನ ತಾಯಿ ಮನೆಗೆ ಬಂದರು. ಎಪ್ಪತ್ತು ದಾಟಿದ ವೃದ್ಧೆ. ಮನೆಗಳಲ್ಲಿ ಅಡಿಗೆ ಮಾಡಿ ಕೂಡಿಹಾಕಿದುದನ್ನೆಲ್ಲ ಅದೇ ಸಂಘದಲ್ಲಿಟ್ಟಿದ್ದರು. ಅಳಲಿಲ್ಲ, ಬಯ್ಯಲಿಲ್ಲ. “ಮೇಷ್ಟ್ರೇ, ನೀವು ಇಟ್ಟಿದ್ದೀರಿ ಅಂತ ಕೇಳಿ ನಾನೂ ಇಟ್ಟೆ,” ಎಂದರು. ಅಷ್ಟೇ. “ಕೂತ್ಕೊಳ್ಳಿ ತಾಯಿ,” ಎಂದೆನು. ಅದಕ್ಕಿಂತ ಹೆಚ್ಚಾಗಿ ಏನನ್ನೂ ಹೇಳಲು ನನಗೆ ತೋಚಲಿಲ್ಲ.

ಯಾವ ಕಾಗದದ ಮೇಲೆಯೂ ನಾನು ಆಕೆಯ ಪರವಾಗಿ ರುಜು ಮಾಡಿರಲಿಲ್ಲ. ಆದರೂ ಉಭಯಪಕ್ಷಗಳಿಗೂ ಸಮ್ಮತನಾದ ಒಬ್ಬ ಸಾಕ್ಷಿಯನ್ನು ಆಕೆಯು ತನ್ನಷ್ಟಕ್ಕೆ ತಾನೇ ಆರಿಸಿಕೊಂಡಿದ್ದಳು. ಆ ಸಾಕ್ಷಿಯು ನಾನು. ತಿಳಿದೂ ಹೇಳದವನಿಗೆ ಸುಳ್ಳುಸಾಕ್ಷಿಯ ದಂಡವೆಂದು ಸ್ಮೃತಿಯು ಹೇಳಿತು. ತಿಳಿಯಬಹುದಾಗಿದ್ದುದನ್ನು ತಿಳಿದುಕೊಳ್ಳದೆ ಹೋದವನಿಗೆ ಏನು ದಂಡವೆಂದು ಹೇಳಲಿಲ್ಲ. ಆಕೆಯನ್ನು ಹಳೆಯ ಶಾಸ್ತ್ರವು ಸಾಕ್ಷಿಯಾಗಲು ಅನರ್ಹಳೆಂದಿತು. ನಮ್ಮಿಬ್ಬರಲ್ಲಿ ಅನರ್ಹನು ಯಾರೆಂಬುದನ್ನು ನಾನು ಅರಿತಿದ್ದೇನೆ.

7

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಪೂರ್ವಿಕರಲ್ಲಿ ಸಂದೇಹವು ಕಡಮೆಯಿರಲಿಲ್ಲ. ಗಂಟಿಗೆ ಮುದ್ರೆಯೊತ್ತಿದರು, ಮೂವರು ಸಾಕ್ಷಿಗಳನ್ನು ಕೇಳಿದರು, ಪತ್ರದ ಬೆನ್ನ ಮೇಲೆ ಬರೆಯಿಸಿದರು, ಕಲ್ಲಿನ ಮೇಲೆ ಬಡ್ಡಿಯ ದರವನ್ನು ಕೊರೆದರು. ಅವರು ನಂಬಿದುದು ಇವೆಲ್ಲ ಇದ್ದುದರಿಂದ. ಇವೆಲ್ಲ ಬೇಡವಾಗಿದ್ದುದರಿಂದ ಅಲ್ಲ. ಪರರ ಸೊತ್ತನ್ನು ಹಿಡಿದವನು ಕೇಳುವುದಕ್ಕೆ ಮೊದಲೇ ಲೆಕ್ಕವನ್ನು ತೋರಿಸುತ್ತಿದ್ದಷ್ಟು ಕಾಲ, ಕೊಟ್ಟವನು ನಾಚದೆ ಅದನ್ನು ನೋಡುತ್ತಿದ್ದಷ್ಟು ಕಾಲ, ನಂಬುಗೆಯು ಬಾಳಿತು. ಸುಪೆಯ ಸಾಹುಕಾರನು ತೋರಿಸುವುದನ್ನು ಬಿಟ್ಟನು. ನಾನು ನೋಡುವುದನ್ನು ಬಿಟ್ಟೆನು. ಇವೆರಡರಲ್ಲಿ ಯಾವುದು ನಡೆದರೂ ಫಲವು ಒಂದೇ.

ಲೆಕ್ಕ ಕೇಳಿದರೆ ಅವಮಾನವೆಂದು ತಿಳಿಯುವ ಒಂದು ದೊಡ್ಡತನವು ನಮ್ಮ ಸಭ್ಯ ಮನೆತನಗಳಲ್ಲಿದೆ. “ಅವರನ್ನು ಕೇಳುವುದೆ?” ಎಂದು ಸುಮ್ಮನಾಗುವುದನ್ನೇ ವಿಶ್ವಾಸವೆಂದು ಭಾವಿಸಿರುವೆವು. ಅದು ವಿಶ್ವಾಸವಲ್ಲ, ಆಲಸ್ಯ. ಆಮೇಲೆ ಮೋಸ ಹೋದಾಗ ಕಾಲವನ್ನು ಬಯ್ಯುವುದು ಆ ಆಲಸ್ಯದ ಮುಂದುವರಿದ ಭಾಗ. ದೇವಸ್ಥಾನದ ಸಮಿತಿಯಾಗಲಿ, ಹಳೆಯ ವಿದ್ಯಾರ್ಥಿಗಳ ನಿಧಿಯಾಗಲಿ, ಈ ಪತ್ರಿಕೆಯನ್ನು ನಡೆಯಿಸುವ ನಮ್ಮ ಸಂಘವೇ ಆಗಲಿ, ವರ್ಷಕ್ಕೊಮ್ಮೆ ಅಚ್ಚಾಗಿ ಬರುವ ಎರಡು ಹಾಳೆಗಳನ್ನು ಓದುವುದಕ್ಕೆ ಅರ್ಧ ಗಂಟೆ ಸಾಕು.

ಆ ಸಂಘದ ಆಸ್ತಿಗಳನ್ನು ಮಾರಿ ಹಂಚುವ ಕೆಲಸವು ಸಮಾಪನಾಧಿಕಾರಿಯ ಕೈಯಲ್ಲಿದೆ. ಠೇವಣಿದಾರರ ಸಭೆಗೆ ನಾನು ಹೋಗುತ್ತಿರುತ್ತೇನೆ. ಕಳೆದ ಸಭೆಯಲ್ಲಿ ಆ ತಾಯಿಯು ನನ್ನ ಪಕ್ಕದಲ್ಲಿ ಬಂದು ಕುಳಿತು, ಕೈಯಲ್ಲಿದ್ದ ಹಾಳೆಯನ್ನು ನನ್ನ ಮುಂದೆ ಹಿಡಿದು, ಯಾವ ಸಾಲು ಯಾವುದೆಂದು ಓದಿ ಹೇಳಿರೆಂದರು. ಮೊದಲಿನಿಂದ ಕಡೆಯವರೆಗೆ ಓದಿ ಹೇಳಿದೆನು. ಒಂದು ಸಾಲಿನಲ್ಲಿ ಕೂಡಿಸಿದ್ದು ತಪ್ಪೆಂದು ಕಂಡಿತು. ಎದ್ದು ನಿಂತು ಕೇಳಿದೆನು.